ಮೊಬೈಲಿನಲ್ಲಿ ಪುಟ ತೆರೆಯದಿದ್ದರೆ: ಮೊದಲು ರೋಗ ಪತ್ತೆ, ಆಮೇಲೆ ಚಿಕಿತ್ಸೆ

– ಪಶುವೈದ್ಯಾಧಿಕಾರಿ



ಕಾಲುಬಾಯಿ ಜ್ವರದ ಲಸಿಕೆ ಹಾಕಲು ಊರಿಗೆ ಬಂದಾಗಲೆಲ್ಲ ಈಗ ರಾಸುಗಳ ಜೊತೆಗೆ ಫೋನುಗಳೂ ನನ್ನ ಮುಂದೆ ಬರುತ್ತವೆ. "ಮೇಡಂ, ಇದೊಂದು ನೋಡಿ. ಸುತ್ತುತ್ತಾನೇ ಇರುತ್ತೆ, ಪೇಜ್ ಬರೋದೇ ಇಲ್ಲ" ಎನ್ನುತ್ತೀರಿ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ನನಗೆ ಇದೆಲ್ಲ ಗೊತ್ತಾಗಲ್ಲ ಬಿಡಿ." ಈ ಎರಡನೆಯ ಮಾತಿನ ಸಲುವಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ವ್ಯಾಪ್ತಿಯ ಒಂದು ಸಂಘದ ಸದಸ್ಯೆಯೊಬ್ಬರು ಕ್ಷೀರಧಾರೆ ಪ್ರೋತ್ಸಾಹಧನ ಖಾತೆಗೆ ಬಂತೇ ಎಂದು ನೋಡಲು ಮೂರು ಸಲ ಪೇಟೆಗೆ ಹೋಗಿದ್ದರು. ಬಸ್ ಚಾರ್ಜು, ಅರ್ಧ ದಿನದ ಕೆಲಸ, ಸಂಜೆ ಹಾಲು ಕರೆಯುವ ಹೊತ್ತು ಎಲ್ಲವೂ ಹೋಯಿತು. ಫೋನನ್ನೂ ಅದರ ಪಿನ್ ಸಂಖ್ಯೆಯನ್ನೂ ಗುರುತಿಲ್ಲದ ಒಬ್ಬರ ಕೈಗೆ ಕೊಟ್ಟು ಬಂದಿದ್ದರು. ಆ ವ್ಯಕ್ತಿ "ಫೋನ್ ಹಳೆಯದಾಯ್ತು, ಹೊಸದು ತಗೊಳ್ಳಿ" ಎಂದರಂತೆ. ನಾನು ನೋಡಿದಾಗ ಫೋನಿನಲ್ಲಿ ತಾರೀಖು ಎರಡು ವರ್ಷ ಹಿಂದಕ್ಕೆ ಹೋಗಿತ್ತು. ಬ್ಯಾಟರಿ ಪೂರ್ತಿ ಖಾಲಿಯಾಗಿ ಮತ್ತೆ ಹೊತ್ತಿಕೊಂಡಾಗ ಹಾಗಾಗಿತ್ತು. ತಾರೀಖು ಸರಿಮಾಡಿದ ಕೂಡಲೇ ಪುಟ ತೆರೆಯಿತು. ಒಂದು ನಿಮಿಷದ ಕೆಲಸ.

ಆ ತಾಯಿಗೆ ಫೋನ್ ಗೊತ್ತಿಲ್ಲದ್ದು ತೊಂದರೆಯಾಗಿರಲಿಲ್ಲ. ರೋಗ ಎಲ್ಲಿದೆ ಎಂದು ಯಾರೂ ನೋಡದೆ ಔಷಧಿ ಹೇಳಿದ್ದೇ ತೊಂದರೆ. ಹಸು ಮೇವು ಬಿಟ್ಟಿತೆಂದು ನೀವು ಯಾರೂ ಕೂಡಲೇ ಹಸುವನ್ನು ಮಾರುವುದಿಲ್ಲ. ಮೈ ಬಿಸಿ ಇದೆಯೇ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ ಎಂದು ನೋಡುತ್ತೀರಿ. ಫೋನಿಗೂ ಅದೇ ಕಣ್ಣು ಸಾಕು.

ಪುಟ ಬರುವ ದಾರಿ

ನಿಮ್ಮ ಮನೆಯ ಹಾಲು ಸಂಘಕ್ಕೆ, ಅಲ್ಲಿಂದ ಶೀತಲೀಕರಣ ಕೇಂದ್ರಕ್ಕೆ, ಅಲ್ಲಿಂದ ಡೇರಿಗೆ ಹೋಗುತ್ತದೆ. ಡೇರಿಗೆ ಹಾಲು ತಲುಪದಿದ್ದರೆ ಈ ದಾರಿಯ ಯಾವುದೋ ಒಂದು ಕಡೆ ತಡೆಯಾಗಿದೆ ಎಂದೇ ಅರ್ಥ. ಮೊಬೈಲಿನ ಪುಟಕ್ಕೂ ಇಂಥ ದಾರಿಯಿದೆ, ಅದರಲ್ಲಿ ನಾಲ್ಕು ನಿಲ್ದಾಣಗಳಿವೆ.

1. ನಿಮ್ಮ ಫೋನು.
2. ನಿಮ್ಮ ಸಿಮ್ ಮತ್ತು ಅದರ ಡೇಟಾ.
3. ನಿಮ್ಮ ಕಂಪನಿಯ ಟವರ್ ಮತ್ತು ಜಾಲ.
4. ಆ ಪುಟವನ್ನು ಇಟ್ಟುಕೊಂಡಿರುವ ದೂರದ ಕಂಪ್ಯೂಟರ್. ಇದಕ್ಕೆ ಸರ್ವರ್ ಎನ್ನುತ್ತಾರೆ.

ನೀವು ಒಂದು ಲಿಂಕ್ ಒತ್ತಿದಾಗ ನಿಮ್ಮ ಕೋರಿಕೆ ಈ ನಾಲ್ಕನ್ನೂ ದಾಟಿ ಹೋಗಬೇಕು, ಪುಟ ಅದೇ ದಾರಿಯಲ್ಲಿ ವಾಪಸು ಬರಬೇಕು. ನಾಲ್ಕರಲ್ಲಿ ಎಲ್ಲಿ ಕೆಟ್ಟರೂ ನಿಮಗೆ ಕಾಣುವುದು ಒಂದೇ: ಸುತ್ತುವ ಚಕ್ರ. ಅದಕ್ಕೇ ಗೊಂದಲವಾಗುವುದು.

ಒಂದು ರಾಸಿಗೋ, ಇಡೀ ಕೊಟ್ಟಿಗೆಗೋ?

ಕೊಟ್ಟಿಗೆಗೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಇದು. ಒಂದೇ ಹಸು ಭೇದಿ ಮಾಡುತ್ತಿದ್ದರೆ ಆ ಹಸುವನ್ನು ನೋಡುತ್ತೇವೆ. ಎಲ್ಲವೂ ಮಾಡುತ್ತಿದ್ದರೆ ನೀರನ್ನೋ ಮೇವನ್ನೋ ನೋಡುತ್ತೇವೆ. ಫೋನಿನಲ್ಲಿಯೂ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲ ಪ್ರಶ್ನೆ: ಬೇರೆ ಪುಟ ತೆರೆಯುತ್ತದೆಯೇ? ಗೂಗಲ್‌ನಲ್ಲಿ ಏನಾದರೂ ಹುಡುಕಿ ನೋಡಿ. ಬೇರೆಲ್ಲವೂ ತೆರೆದು ಆ ಒಂದೇ ಪುಟ ತೆರೆಯದಿದ್ದರೆ ಹೆಚ್ಚಿನ ಮಟ್ಟಿಗೆ ತೊಂದರೆ ನಾಲ್ಕನೆಯ ನಿಲ್ದಾಣದಲ್ಲಿದೆ. ನಿಮ್ಮ ಫೋನಿಗೆ ಯಾವ ಚಿಕಿತ್ಸೆಯೂ ಬೇಕಿಲ್ಲ.

ಎರಡನೆಯ ಪ್ರಶ್ನೆ: ಅದೇ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರ ಫೋನಿನಲ್ಲಿ ಇಂಟರ್‌ನೆಟ್ ಬರುತ್ತಿದೆಯೇ? ಅವರಿಗೂ ಬರದಿದ್ದರೆ ತೊಂದರೆ ಟವರಿನದು. ಅವರಿಗೆ ಬಂದು ನಿಮಗೆ ಬರದಿದ್ದರೆ ನಿಮ್ಮ ಡೇಟಾದಲ್ಲಿಯೋ ಫೋನಿನಲ್ಲಿಯೋ ಇದೆ.

ಮೂರನೆಯ ಪ್ರಶ್ನೆ: ಅವರ ಫೋನಿನ ಹಾಟ್‌ಸ್ಪಾಟ್‌ಗೋ ಯಾವುದಾದರೂ ವೈಫೈಗೋ ಜೋಡಿಸಿದಾಗ ನಿಮ್ಮ ಫೋನಿನಲ್ಲಿ ಪುಟ ತೆರೆಯುತ್ತದೆಯೇ? ತೆರೆದರೆ ನಿಮ್ಮ ಫೋನು ಚೆನ್ನಾಗಿದೆ, ಸಿಮ್ ಅಥವಾ ಡೇಟಾ ನೋಡಬೇಕು. ಆಗಲೂ ತೆರೆಯದಿದ್ದರೆ ಫೋನಿನೊಳಗೆ ನೋಡಬೇಕು.

ಈ ಮೂರು ಪ್ರಶ್ನೆಗೆ ಐದು ನಿಮಿಷ ಸಾಕು. ಇವಕ್ಕೆ ಉತ್ತರ ಸಿಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ, ಯಾರಿಗೂ ಹಣ ಕೊಡಬೇಡಿ.

ಡೇಟಾ ಮತ್ತು ಸಿಮ್: ಹೆಚ್ಚು ಸಲ ಸಿಗುವ ಕಾರಣ

ನಾನು ನೋಡಿದ ಫೋನುಗಳಲ್ಲಿ ಹೆಚ್ಚಿನವಕ್ಕೆ ರೋಗವೇ ಇರಲಿಲ್ಲ, ಆ ದಿನದ ಡೇಟಾ ಮುಗಿದಿತ್ತು. ದಿನಕ್ಕೆ 1 ಜಿಬಿ, 1.5 ಜಿಬಿ ಎನ್ನುವ ಪ್ಲಾನ್‌ಗಳಲ್ಲಿ ಅಷ್ಟು ಮುಗಿದ ಮೇಲೆ ಇಂಟರ್‌ನೆಟ್ ಪೂರ್ತಿ ನಿಲ್ಲುವುದಿಲ್ಲ. ಹಲವು ಪ್ಲಾನ್‌ಗಳಲ್ಲಿ ವೇಗವನ್ನು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸುತ್ತಾರೆ. ಅಂದರೆ ಎಷ್ಟು? ಚಿತ್ರಗಳಿರುವ ಒಂದು ಪುಟ 2 ಎಂಬಿ ಇದೆ ಎಂದುಕೊಳ್ಳಿ. ಅದು ಸುಮಾರು 16,000 ಕಿಲೋಬಿಟ್. 64ರಿಂದ ಭಾಗಿಸಿದರೆ 250 ಸೆಕೆಂಡು, ಅಂದರೆ ನಾಲ್ಕು ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತು ಕಾಯುವ ಮೊದಲೇ ಪುಟ ಸೋತು ನಿಂತುಬಿಡುತ್ತದೆ. ವಾಟ್ಸಾಪ್‌ನಲ್ಲಿ ಬರೀ ಅಕ್ಷರದ ಸಂದೇಶ ಮಾತ್ರ ಹೇಗೋ ಬರುತ್ತಿರುತ್ತದೆ. "ವಾಟ್ಸಾಪ್ ಬರುತ್ತೆ, ಪೇಜ್ ಬರಲ್ಲ" ಎಂದು ನೀವು ಹೇಳಿದರೆ ನನಗೆ ಮೊದಲು ಬರುವ ಅನುಮಾನ ಇದೇ.

ಬೆಳಿಗ್ಗೆ ತೆರೆದ ಪುಟ ಸಂಜೆ ತೆರೆಯದಿದ್ದರೆ, ಕಂಪನಿಯಿಂದ ಬಂದ ಎಸ್ಸೆಮ್ಮೆಸ್‌ಗಳನ್ನು ನೋಡಿ. ಡೇಟಾ ಅರ್ಧ ಮುಗಿದಾಗ, ಪೂರ್ತಿ ಮುಗಿದಾಗ ಸಂದೇಶ ಬಂದಿರುತ್ತದೆ. ದಿನದ ಲೆಕ್ಕ ಸಾಮಾನ್ಯವಾಗಿ ರಾತ್ರಿ 12 ಗಂಟೆಗೆ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಪ್ರಯತ್ನಿಸಿದರೆ ಕೆಲಸವಾಗುತ್ತದೆ.

ಡೇಟಾ ತಿನ್ನುವವರು ಯಾರು ಎಂದೂ ನೋಡಿ. ಮಕ್ಕಳ ವಿಡಿಯೋ ಒಂದು ಕಾರಣ. ವಾಟ್ಸಾಪ್ ಗುಂಪುಗಳ ಫೋಟೋ, ವಿಡಿಯೋ ತಾನಾಗಿಯೇ ಇಳಿಯುವುದು ಇನ್ನೊಂದು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ' ಒತ್ತಿ, ಮೊಬೈಲ್ ಡೇಟಾ ಬಳಸುವಾಗ ಯಾವುದೂ ತಾನಾಗಿ ಇಳಿಯದಂತೆ ಎಲ್ಲ ಟಿಕ್ ಗುರುತು ತೆಗೆಯಿರಿ. ಬೇಕಾದ ಫೋಟೋವನ್ನು ಒತ್ತಿ ನೋಡಬಹುದು.

ಈ ನಿಲ್ದಾಣದಲ್ಲಿ ಇನ್ನೂ ನಾಲ್ಕು ವಿಷಯ ನೋಡಿ.

• ರೀಚಾರ್ಜ್ ಅವಧಿ ಮುಗಿದಿದೆಯೇ? ಮುಗಿದ ಮೇಲೂ ಕೆಲವು ದಿನ ಒಳಬರುವ ಕರೆ ಬರುತ್ತಿರಬಹುದು, ಆದರೆ ಡೇಟಾ ಇರುವುದಿಲ್ಲ.

• ಎರಡು ಸಿಮ್ ಇದ್ದರೆ ಡೇಟಾ ಯಾವ ಸಿಮ್‌ನಲ್ಲಿ ಆನ್ ಆಗಿದೆ? ರೀಚಾರ್ಜ್ ಒಂದಕ್ಕೆ ಮಾಡಿಸಿ ಡೇಟಾ ಇನ್ನೊಂದರಲ್ಲಿ ಆನ್ ಮಾಡಿರುವುದನ್ನು ಬಹಳ ಕಡೆ ನೋಡಿದ್ದೇನೆ.

• ಕರೆಯಲ್ಲಿ ಮಾತನಾಡುತ್ತಲೇ ಪುಟ ತೆರೆಯುತ್ತಿದ್ದೀರಾ? ಒಂದು ಸಿಮ್‌ನಲ್ಲಿ ಮಾತನಾಡುವಾಗ ಇನ್ನೊಂದು ಸಿಮ್‌ನ ಡೇಟಾ ಹಲವು ಫೋನುಗಳಲ್ಲಿ ನಿಂತುಹೋಗುತ್ತದೆ. ಕರೆ ಮುಗಿಸಿ ನೋಡಿ.

• 4ಜಿ ಗುರುತು ಇದ್ದು, ಡೇಟಾ ಇದ್ದು, ಯಾವ ಪುಟವೂ ಬರದಿದ್ದರೆ 'ಎಪಿಎನ್' ಎಂಬ ಸೆಟ್ಟಿಂಗ್ ಕೆಟ್ಟಿರಬಹುದು. ಸಿಮ್ ಬದಲಿಸಿದಾಗ, ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದಾಗ ಹೀಗಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಒತ್ತಿ, 'ಆಕ್ಸೆಸ್ ಪಾಯಿಂಟ್ ನೇಮ್ಸ್' ತೆರೆದು, ಮೂಲೆಯ ಮೂರು ಚುಕ್ಕೆಯಲ್ಲಿರುವ 'ರೀಸೆಟ್ ಟು ಡೀಫಾಲ್ಟ್' ಒತ್ತಿ. ನಿಮ್ಮ ಫೋಟೋ, ನಂಬರ್ ಯಾವುದೂ ಅಳಿಯುವುದಿಲ್ಲ.

ಟವರ್: ಕಡ್ಡಿ ಪೂರ್ತಿ ಇದ್ದರೂ ಪುಟ ಏಕೆ ಬರುವುದಿಲ್ಲ?

ಫೋನಿನ ಮೇಲ್ಭಾಗದ ಕಡ್ಡಿಗಳು ಹೇಳುವುದು ಟವರಿನ ಸಿಗ್ನಲ್ ನಿಮಗೆ ಎಷ್ಟು ಚೆನ್ನಾಗಿ ಸಿಗುತ್ತಿದೆ ಎಂದು ಮಾತ್ರ. ಆ ಟವರಿನಲ್ಲಿ ಎಷ್ಟು ಜನ ಸೇರಿದ್ದಾರೆ ಎಂದು ಅವು ಹೇಳುವುದಿಲ್ಲ. ತೊಟ್ಟಿ ತುಂಬ ನೀರಿದ್ದರೂ ಒಂದೇ ಸಲಕ್ಕೆ ಇಪ್ಪತ್ತು ರಾಸು ಬಾಯಿ ಹಾಕಿದರೆ ನಿಮ್ಮ ಕರುವಿಗೆ ಜಾಗ ಸಿಗುವುದಿಲ್ಲ. ಸಂಜೆ ಏಳರಿಂದ ಹತ್ತರವರೆಗೆ ಊರೆಲ್ಲ ವಿಡಿಯೋ ನೋಡುವ ಹೊತ್ತು. ಜಾತ್ರೆ, ಮದುವೆಗಳಲ್ಲೂ ಹೀಗೆಯೇ. ಬ್ಯಾಂಕಿನ ಕೆಲಸ, ಅರ್ಜಿ ತುಂಬುವ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ.

ಕಡ್ಡಿಗಳ ಪಕ್ಕದ ಅಕ್ಷರವನ್ನೂ ಗಮನಿಸಿ. 4ಜಿ ಅಥವಾ 5ಜಿ ಇದ್ದರೆ ಸರಿ. ಇಂಗ್ಲಿಷಿನ 'ಇ' ಅಕ್ಷರ ಇದ್ದರೆ ಅದು ಹಳೆಯ 2ಜಿ. ಅದರಲ್ಲಿ ಮಾತನಾಡಬಹುದು, ಇಂದಿನ ಪುಟಗಳು ತೆರೆಯುವುದು ಕಷ್ಟ. 5ಜಿ ಬಂದು ಹೋಗಿ ಮಾಡುವ ಜಾಗದಲ್ಲಿ ಫೋನು ಅತ್ತಿತ್ತ ಜಿಗಿಯುತ್ತಾ ಡೇಟಾ ನಿಲ್ಲಿಸುತ್ತದೆ. ಅಂಥ ಕಡೆ ನೆಟ್‌ವರ್ಕ್ ಟೈಪ್ ಎಂಬಲ್ಲಿ 4ಜಿ ಆಯ್ಕೆ ಮಾಡಿಕೊಂಡರೆ ಸ್ಥಿರವಾಗಿರುತ್ತದೆ.

ಇಲ್ಲಿ ಮಾಡಬಹುದಾದ ಸುಲಭ ಚಿಕಿತ್ಸೆ ಏರ್‌ಪ್ಲೇನ್ ಮೋಡ್. ವಿಮಾನದ ಚಿತ್ರವನ್ನು ಒತ್ತಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಒತ್ತಿ ತೆಗೆಯಿರಿ. ಫೋನು ಹಳೆಯ ಹಿಡಿತ ಬಿಟ್ಟು ಟವರನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ. ಬಸ್ಸಿನಲ್ಲಿ ಪಕ್ಕದೂರಿಗೆ ಹೋಗಿ ಬಂದ ಮೇಲೆ ನೆಟ್ ನಿಂತಿದ್ದರೆ ಇದೊಂದರಿಂದಲೇ ಸರಿಯಾಗುವುದುಂಟು.

ಜಾಗವೂ ಮುಖ್ಯ. ತಗಡಿನ ಶೀಟು ಹಾಕಿದ ಕೊಟ್ಟಿಗೆಯೊಳಗೆ, ದಪ್ಪ ಗೋಡೆಯ ಅಡುಗೆಮನೆಯಲ್ಲಿ ಸಿಗ್ನಲ್ ಸೋಲುತ್ತದೆ. ಅಂಗಳಕ್ಕೋ ತಾರಸಿಗೋ ಬನ್ನಿ. ಇನ್ನು ಕರೆಂಟ್ ಹೋದರೆ ಟವರ್ ಬ್ಯಾಟರಿಯ ಮೇಲೆ ನಡೆಯುತ್ತದೆ, ಅದು ಮುಗಿದರೆ ಅದೂ ನಿಲ್ಲುತ್ತದೆ. ಮಲೆನಾಡಿನ ಕಡೆ ಮಳೆಗಾಲದಲ್ಲಿ ಇದು ನಿಮಗೆ ನಾನು ಹೇಳಬೇಕಾಗಿಲ್ಲ.

ದಿನಗಟ್ಟಲೆ ಇದೇ ಪಾಡಾದರೆ ನಿಮ್ಮ ಸಿಮ್‌ನಿಂದಲೇ 198ಕ್ಕೆ ಕರೆ ಮಾಡಿ ದೂರು ಕೊಡಿ. ದೂರಿನ ಸಂಖ್ಯೆ ಕೇಳಿ ಪಡೆದು ಬರೆದಿಟ್ಟುಕೊಳ್ಳಿ. ಒಬ್ಬರ ದೂರಿಗಿಂತ ಸಂಘದ ಹತ್ತು ಸದಸ್ಯೆಯರ ಹತ್ತು ದೂರಿಗೆ ತೂಕ ಹೆಚ್ಚು.

ಫೋನಿನೊಳಗೆ: ತಾರೀಖು, ಜಾಗ, ಕ್ಯಾಶ್

ಮೊದಲು ತಾರೀಖು. ಬ್ಯಾಂಕು, ಸರ್ಕಾರದ ಪುಟಗಳಿಗೆಲ್ಲ ಒಂದು ಪ್ರಮಾಣಪತ್ರ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದರಲ್ಲಿ ಅವಧಿ ಇರುತ್ತದೆ. ಫೋನು ಅದನ್ನು ತನ್ನ ಗಡಿಯಾರದ ಜೊತೆ ಹೋಲಿಸುತ್ತದೆ. ಮನೆಯ ಕ್ಯಾಲೆಂಡರ್ ತಪ್ಪಾಗಿದ್ದರೆ ಒಳ್ಳೆಯ ಲಸಿಕೆಯನ್ನೂ ಅವಧಿ ಮೀರಿದ್ದೆಂದು ಎಸೆಯುತ್ತೇವಲ್ಲ, ಹಾಗೆ ಫೋನು ಒಳ್ಳೆಯ ಪುಟವನ್ನೂ 'ಸುರಕ್ಷಿತವಲ್ಲ' ಎಂದು ತಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಡೇಟ್ ಅಂಡ್ ಟೈಮ್' ತೆರೆದು 'ಆಟೋಮ್ಯಾಟಿಕ್' ಎಂಬುದನ್ನು ಆನ್ ಮಾಡಿ. ತಾರೀಖು ಸರಿಯಿದ್ದೂ ಆ ಎಚ್ಚರಿಕೆ ಬಂದರೆ ಮುಂದೆ ಹೋಗಬೇಡಿ, ಅಲ್ಲಿ ಆಧಾರ್, ಬ್ಯಾಂಕ್ ವಿವರ ಏನನ್ನೂ ಬರೆಯಬೇಡಿ.

ಎರಡನೆಯದು ಜಾಗ. ಫೋನಿನ ಸ್ಟೋರೇಜ್ ತುಂಬಿದ್ದರೆ ಎಲ್ಲವೂ ನಿಧಾನವಾಗುತ್ತದೆ. 'ಶುಭೋದಯ' ಚಿತ್ರಗಳನ್ನೂ ಹಳೆಯ ವಿಡಿಯೋಗಳನ್ನೂ ಅಳಿಸಿ.

ಮೂರನೆಯದು ಕ್ಯಾಶ್. ಪುಟ ಬೇಗ ತೆರೆಯಲಿ ಎಂದು ಫೋನು ಅದರ ಹಳೆಯ ತುಣುಕುಗಳನ್ನು ಉಳಿಸಿಕೊಂಡಿರುತ್ತದೆ. ಆ ತುಣುಕು ಹಳಸಿದ್ದರೆ ಪುಟ ಅರ್ಧಂಬರ್ಧ ಕಾಣುತ್ತದೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಕ್ರೋಮ್‌ನ ಮೂರು ಚುಕ್ಕೆ ಒತ್ತಿ 'ಇನ್‌ಕಾಗ್ನಿಟೊ' ಟ್ಯಾಬ್‌ನಲ್ಲಿ ಅದೇ ಪುಟ ತೆರೆದು ನೋಡಿ. ಅಲ್ಲಿ ಸರಿಯಾಗಿ ತೆರೆದರೆ ಹಳಸಿದ ತುಣುಕಿನದೇ ತೊಂದರೆ ಇರಬಹುದು. ಆಗ 'ಡಿಲೀಟ್ ಬ್ರೌಸಿಂಗ್ ಡೇಟಾ'ದಲ್ಲಿ ಕ್ಯಾಶ್ ಚಿತ್ರ ಮತ್ತು ಫೈಲುಗಳನ್ನು ಮಾತ್ರ ಟಿಕ್ ಮಾಡಿ ಅಳಿಸಿ. ಪಾಸ್‌ವರ್ಡ್ ಎಂಬುದರ ಟಿಕ್ ತೆಗೆದಿರಲಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ದಿನ ಲಸಿಕೆಯ ವಿವರಗಳನ್ನು ನೆಟ್ ಇಲ್ಲದ ಊರಿನಲ್ಲಿ ಆ್ಯಪ್‌ನಲ್ಲಿ ತುಂಬಿಕೊಂಡಿದ್ದೆ. ಸಂಜೆ ಕಳುಹಿಸಲು ನೋಡಿದರೆ ಹೋಗುತ್ತಿಲ್ಲ. ಆತುರದಲ್ಲಿ 'ಕ್ಲಿಯರ್ ಕ್ಯಾಶ್' ಒತ್ತುವ ಬದಲು ಪಕ್ಕದ 'ಕ್ಲಿಯರ್ ಸ್ಟೋರೇಜ್' ಒತ್ತಿಬಿಟ್ಟೆ. ಆ್ಯಪ್ ಹೊಸದರಂತಾಯಿತು, ಇಡೀ ದಿನದ ದಾಖಲೆ ಅಳಿಸಿಹೋಯಿತು. ನೋಟ್‌ಬುಕ್‌ನಲ್ಲಿ ಕಿವಿಯೋಲೆ ಸಂಖ್ಯೆ ಬರೆದುಕೊಂಡಿದ್ದರಿಂದ ಬಚಾವಾದೆ, ಎರಡು ರಾತ್ರಿ ಕುಳಿತು ಮತ್ತೆ ತುಂಬಿದೆ. ಕೊನೆಗೆ ತಿಳಿದದ್ದೇನೆಂದರೆ ಆ ಸಂಜೆ ಸರ್ವರ್ ಕೆಟ್ಟಿತ್ತು. ಇನ್ನೊಬ್ಬ ಸಹೋದ್ಯೋಗಿಗೆ ಒಂದು ಕರೆ ಮಾಡಿ "ನಿಮಗೆ ಹೋಗುತ್ತಿದೆಯೇ?" ಎಂದು ಕೇಳಿದ್ದರೆ ಗೊತ್ತಾಗುತ್ತಿತ್ತು. ರೋಗ ಪತ್ತೆ ಮಾಡದೆ ಚಿಕಿತ್ಸೆ ಮಾಡಬಾರದು ಎಂದು ಕಾಲೇಜಿನಲ್ಲಿ ಕಲಿತವಳು ನಾನೇ ಮರೆತಿದ್ದೆ. ಆದ್ದರಿಂದ ನೆನಪಿಡಿ: ಕ್ಯಾಶ್ ಅಳಿಸಿದರೆ ಕಸ ಹೋಗುತ್ತದೆ, ಸ್ಟೋರೇಜ್ ಅಥವಾ ಡೇಟಾ ಅಳಿಸಿದರೆ ಕಾಳೂ ಹೋಗುತ್ತದೆ.

ಪುಟ ತಾನೇ ಹೇಳುವ ಲಕ್ಷಣ

ಚಕ್ರ ಸುತ್ತಿ ನಿಂತ ಮೇಲೆ ಬರುವ ಸಂದೇಶವನ್ನು ಮುಚ್ಚುವ ಮೊದಲು ಒಮ್ಮೆ ನೋಡಿ.

• ಪುಟ್ಟ ಡೈನೋಸಾರ್ ಚಿತ್ರ ಬಂದರೆ ನಿಮ್ಮ ಫೋನಿಗೆ ಇಂಟರ್‌ನೆಟ್ಟೇ ಸಿಕ್ಕಿಲ್ಲ. ಡೇಟಾ, ಸಿಮ್, ಟವರ್ ನೋಡಿ.

• 404 ಎಂದು ಬಂದರೆ ಆ ವಿಳಾಸದಲ್ಲಿ ಪುಟ ಇಲ್ಲ. ಲಿಂಕ್ ಹಳೆಯದಾಗಿದೆ ಅಥವಾ ತಪ್ಪಾಗಿದೆ.

• 500, 502, 503, 504 ಇವುಗಳಲ್ಲಿ ಯಾವುದು ಬಂದರೂ ತೊಂದರೆ ಸರ್ವರಿನ ಕಡೆಯದು. ಒಂದೆರಡು ಗಂಟೆ ಬಿಟ್ಟು ನೋಡಿ. ಅರ್ಜಿಯ ಕೊನೆಯ ದಿನಾಂಕದಂದು ಎಲ್ಲರೂ ಒಮ್ಮೆಲೇ ನುಗ್ಗುವುದರಿಂದ ಇದು ಹೆಚ್ಚು. ವಿಮೆ, ಸಬ್ಸಿಡಿ ಅರ್ಜಿಗಳನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳದಿರುವುದೇ ಇದಕ್ಕೆ ಮದ್ದು.

ಹಣ ಕಟ್ಟುವ ಪುಟ ಮಧ್ಯದಲ್ಲಿ ನಿಂತರೆ ಮಾತ್ರ ಬೇರೆ ನಿಯಮ. ಮತ್ತೆ ಮತ್ತೆ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ, ಎರಡು ಸಲ ಹಣ ಹೋಗುವ ಅಪಾಯವಿದೆ. ಬ್ಯಾಂಕಿನ ಎಸ್ಸೆಮ್ಮೆಸ್ ಬಂತೇ, ಖಾತೆಯಲ್ಲಿ ಎಷ್ಟಿದೆ ಎಂದು ನೋಡಿ ಆಮೇಲೆ ಮುಂದುವರಿಯಿರಿ. ಫೋನ್ ನಂಬರನ್ನು ಬ್ಯಾಂಕಿಗೆ ಜೋಡಿಸಿ ನೋಂದಣಿ ಮಾಡಿಕೊಂಡಿದ್ದರೆ *99# ಒತ್ತಿ ಇಂಟರ್‌ನೆಟ್ ಇಲ್ಲದೆಯೂ ಬಾಕಿ ಹಣ ನೋಡಬಹುದು.

ಪುಟಕ್ಕಾಗಿ ಕಾಯಬಾರದ ಹೊತ್ತು

ಹಸುವಿನ ಹೊಟ್ಟೆ ಉಬ್ಬರಿಸಿದೆ, ಕರು ಅಡ್ಡ ಸಿಕ್ಕಿಕೊಂಡಿದೆ, ಕರು ಹಾಕಿದ ಹಸು ಎದ್ದು ನಿಲ್ಲುತ್ತಿಲ್ಲ ಎಂದರೆ ದಯವಿಟ್ಟು ಮೊಬೈಲಿನಲ್ಲಿ ಮದ್ದು ಹುಡುಕುತ್ತಾ ಕೂರಬೇಡಿ. ಡೇಟಾ ಇಲ್ಲದಿದ್ದರೂ ಕರೆ ಹೋಗುತ್ತದೆ. ನಿಮ್ಮ ವ್ಯಾಪ್ತಿಯ ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಪ್ರತಿ ರಾಸಿನ ಕಿವಿಯೋಲೆಯ 12 ಅಂಕಿಗಳನ್ನು ಹಾಲಿನ ಪಾಸ್ ಪುಸ್ತಕದ ಹಿಂದೆ ಬರೆದಿಟ್ಟಿದ್ದರೆ ವಿಮೆಗೂ ದಾಖಲೆಗೂ ಯಾವ ಪುಟದ ಹಂಗೂ ಇಲ್ಲದೆ ಹೇಳಬಹುದು.

ಫೋನ್ ಕೊಡಿ, ಗುಟ್ಟು ಕೊಡಬೇಡಿ

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಬೇರೆಯವರ ಸಹಾಯ ಕೇಳುವುದರಲ್ಲಿ ತಪ್ಪಿಲ್ಲ. ಮನೆಯ ಮಕ್ಕಳು, ಸಂಘದ ಕಾರ್ಯದರ್ಶಿ, ಪಕ್ಕದ ಮನೆಯ ಸೊಸೆ ಯಾರಾದರೂ ಆಗಲಿ. ಆದರೆ ಫೋನು ನಿಮ್ಮ ಕಣ್ಣೆದುರಿಗೇ ಇರಲಿ. ಪುಟ ತೆರೆಯಲು ಯುಪಿಐ ಪಿನ್ ಬೇಕಿಲ್ಲ. ಫೋನ್ ಸರಿಮಾಡಲು ಓಟಿಪಿ ಬೇಕಿಲ್ಲ. "ಪೇಜ್ ಬರ್ತಿಲ್ವಾ, ಈ ಲಿಂಕ್ ಒತ್ತಿ, ಈ ಆ್ಯಪ್ ಹಾಕಿಕೊಳ್ಳಿ" ಎಂದು ಯಾರಾದರೂ ಕರೆ ಮಾಡಿದರೆ ಫೋನ್ ಇಡಿ. ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ವಾಪಸು ಸಿಗುವ ಅವಕಾಶ ಕಡಿಮೆ.

ಹಾಲಿನ ಕ್ಯಾನ್ ಇಡುವ ಗೋಡೆಗೆ ಅಂಟಿಸಿಕೊಳ್ಳಿ

1. ಬೇರೆ ಪುಟ ತೆರೆಯುತ್ತದೆಯೇ? ತೆರೆದರೆ ಕಾಯಿರಿ.
2. ಪಕ್ಕದವರಿಗೆ ನೆಟ್ ಇದೆಯೇ? ಇಲ್ಲದಿದ್ದರೆ ಟವರ್.
3. ಇವತ್ತಿನ ಡೇಟಾ, ರೀಚಾರ್ಜ್ ಅವಧಿ ಉಳಿದಿದೆಯೇ?
4. ಡೇಟಾ ಸರಿಯಾದ ಸಿಮ್‌ನಲ್ಲಿ ಆನ್ ಇದೆಯೇ?
5. ಅಂಗಳಕ್ಕೆ ಬನ್ನಿ. ಏರ್‌ಪ್ಲೇನ್ ಮೋಡ್ ಅರ್ಧ ನಿಮಿಷ.
6. ತಾರೀಖು ಸರಿಯಿದೆಯೇ?
7. ಇನ್‌ಕಾಗ್ನಿಟೊದಲ್ಲಿ ನೋಡಿ. ಆಮೇಲೆ ಕ್ಯಾಶ್ ಮಾತ್ರ ಅಳಿಸಿ.
8. ಫೋನ್ ಆಫ್ ಮಾಡಿ ಆನ್ ಮಾಡಿ.
9. ಪಿನ್, ಓಟಿಪಿ ಯಾರಿಗೂ ಇಲ್ಲ.

ಮೂರು ಸಲ ಪೇಟೆಗೆ ಹೋಗಿ ಬಂದಿದ್ದ ಆ ಸದಸ್ಯೆ ಈಗ ತಮ್ಮ ಸಂಘದಲ್ಲಿ ಬೇರೆಯವರ ಫೋನಿನ ತಾರೀಖು ನೋಡುತ್ತಾರೆ. ಹೋದ ತಿಂಗಳು ನಾನು ಹೋದಾಗ "ಮೇಡಂ, ಮೊದಲು ಇಡೀ ಕೊಟ್ಟಿಗೆಗೋ ಒಂದೇ ರಾಸಿಗೋ ಅಂತ ಕೇಳ್ತೀನಿ" ಎಂದು ನಕ್ಕರು. ನೀವೂ ಅಷ್ಟೇ ಕೇಳಿ ನೋಡಿ. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.